ಎಂಟನೇ ತರಗತಿಗೆ ಪ್ರೋಗ್ರಾಮಿಂಗ್: ಎಲ್ಲಿಂದ ಆರಂಭಿಸಲಿ?

ಗಣಿತ ಶಿಕ್ಷಕಿ, ಹೊಸದುರ್ಗ:
ಹದಿನಾಲ್ಕು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೇನೆ. ಈ ವರ್ಷ ಕಂಪ್ಯೂಟರ್ ಪಾಠವೂ ನನ್ನ ಪಾಲಿಗೆ ಬಂದಿದೆ. ಬೇಸಿಗೆಯಲ್ಲಿ ಐದು ದಿನ ತರಬೇತಿಗೆ ಹೋಗಿದ್ದೆ. ಸ್ಲೈಡ್ ಮಾಡುವುದು, ಕಡತ ಉಳಿಸುವುದು, ಕೊನೆಯ ದಿನ ಮಧ್ಯಾಹ್ನ ಸ್ಕ್ರ್ಯಾಚ್, ಅಂದರೆ ಆದೇಶದ ತುಂಡುಗಳನ್ನು ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ನಡೆಸುವ, ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶ. ಪರದೆಯ ಮೇಲೆ ಅವರು ಮಾಡಿದ್ದನ್ನೇ ನಾವೂ ಮಾಡಿದೆವು, ಎಲ್ಲರ ಬೆಕ್ಕೂ ನಡೆಯಿತು. ಶಾಲೆಗೆ ಬಂದು ಒಬ್ಬಳೇ ಕುಳಿತರೆ ಬೆಕ್ಕು ಕದಲಲಿಲ್ಲ, ಏಕೆಂದೂ ತಿಳಿಯಲಿಲ್ಲ. 42 ಮಕ್ಕಳಿದ್ದಾರೆ, ನಡೆಯುವ ಕಂಪ್ಯೂಟರ್ ಐದು. ಮಕ್ಕಳೆದುರು ತಪ್ಪಿದರೆ ಏನು ಮಾಡಲಿ ಎಂಬ ಭಯ ನಿಜಕ್ಕೂ ಇದೆ.

ಶಿರಸಿಯ ಮೇಷ್ಟ್ರು:
ಮೇಡಂ, ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟಲೇಬೇಡಿ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ‘ಸಿಎಸ್ ಅನ್‌ಪ್ಲಗ್ಡ್’ (ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ) ಚಟುವಟಿಕೆಗಳಿಗೆ ರಟ್ಟು ಸಾಕು. ಐದು ರಟ್ಟುಗಳ ಮೇಲೆ 16, 8, 4, 2, 1 ಚುಕ್ಕಿ ಇಡಿ. ಐವರು ಮಕ್ಕಳು ಸಾಲಾಗಿ ನಿಲ್ಲಲಿ. 19 ಎಂದರೆ ಯಾರು ರಟ್ಟು ತೋರಿಸಬೇಕು, ಯಾರು ಮರೆಮಾಡಬೇಕು? 16, 2, 1 ಕಾಣುತ್ತವೆ. ಕಂಡದ್ದಕ್ಕೆ 1, ಮರೆಯಾದದ್ದಕ್ಕೆ 0 ಬರೆದರೆ 10011, ಅದೇ ಕಂಪ್ಯೂಟರ್ ಬಳಸುವ ದ್ವಿಮಾನ ಸಂಖ್ಯೆ. ನಾನು 32 ತೋರಿಸಿ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಇನ್ನೊಬ್ಬರು ಬೇಕು’ ಎಂದು ತಾನೇ ಎದ್ದು ಬಂದಳು. ಸ್ಥಾನಬೆಲೆ ಕಲಿಸಿದ ನಿಮಗೆ ಇದು ಹೊಸ ವಿಷಯವೇ ಅಲ್ಲ.

ಸಂಪನ್ಮೂಲ ವ್ಯಕ್ತಿ, ತುಮಕೂರು:
ಮೇಡಂ, ನೀವು ಪಡೆದಂಥ ತರಬೇತಿಯನ್ನೇ ನಾನೂ ಹಲವು ವರ್ಷ ಕೊಟ್ಟವನು. ನೋಡಿ ಮಾಡಿಸಿದರೆ ಯಾರಿಗೂ ತಪ್ಪು ಎದುರಾಗುವುದಿಲ್ಲ, ಆದ್ದರಿಂದ ತಪ್ಪು ಹುಡುಕಲು ಯಾರೂ ಕಲಿಯುವುದಿಲ್ಲ. ಶಿಕ್ಷಕರಿಗೆ ತರಗತಿಯಲ್ಲಿ ಮೊದಲು ಬೇಕಾಗುವುದು ಅದೇ. ಈಗ ನಾನು ತಪ್ಪಿರುವ ಪ್ರೋಗ್ರಾಮನ್ನೇ ಕೈಗೆ ಕೊಡುತ್ತೇನೆ. ಸಮಬಾಹು ತ್ರಿಭುಜ ಬರೆಯಲು ಮೂರು ಬಾರಿ ‘100 ಹೆಜ್ಜೆ ನಡೆ, 60 ಡಿಗ್ರಿ ತಿರುಗು’. ಓಡಿಸುವ ಮೊದಲು ಏನು ಬರುತ್ತದೆಂದು ಎಲ್ಲರೂ ಕಾಗದದ ಮೇಲೆ ಬರೆಯಬೇಕು. ಆಮೇಲೆ ಓಡಿಸಬೇಕು. ಒಂದು ಕಂಪ್ಯೂಟರಿಗೆ ಎಂಟು ಮಕ್ಕಳಿದ್ದರೂ ಇದು ನಡೆಯುತ್ತದೆ, ಹೆಚ್ಚು ಕೆಲಸ ಕಾಗದದ ಮೇಲೆಯೇ ಇರುವುದರಿಂದ. ಸ್ಕ್ರ್ಯಾಚ್ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ.

ಗಣಿತ ಶಿಕ್ಷಕಿ, ಹೊಸದುರ್ಗ:
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ರಟ್ಟಿನ ಆಟ ಮುಗಿಯಿತು. ನಿನ್ನೆ ತ್ರಿಭುಜ. 42 ಮಕ್ಕಳಲ್ಲಿ ಮುಕ್ಕಾಲು ಪಾಲು ತ್ರಿಭುಜ ಬರುತ್ತದೆಂದೇ ಬರೆದರು. ಪರದೆಯ ಮೇಲೆ ಬಂದದ್ದು ಅರ್ಧ ಷಡ್ಭುಜ. ಗದ್ದಲವೋ ಗದ್ದಲ. ಒಬ್ಬ ಹುಡುಗನನ್ನು ಅಂಗಳದಲ್ಲಿ ಸೀಮೆಸುಣ್ಣದ ಗೆರೆಯ ಮೇಲೆ ನಡೆಸಿದೆವು. ಮೂಲೆಯಲ್ಲಿ ನಿಂತು ಅವನೇ ಹೇಳಿದ: ‘ನಾನು ಒಳಗಿನ ಕೋನ ತಿರುಗುತ್ತಿಲ್ಲ ಮೇಡಂ, ಹೊರಗಿನದು.’ ತಿರುಗಬೇಕಾದದ್ದು 60 ಅಲ್ಲ, 120 ಡಿಗ್ರಿ! ಬಾಹ್ಯಕೋನಗಳ ಮೊತ್ತ 360 ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಅದನ್ನು ಯಾರಾದರೂ ನಡೆದು ತೋರಿಸಿದ್ದು ಇದೇ ಮೊದಲು.

ಈಗ ಮಕ್ಕಳಿಗೆ ಐದು ಮೂಲೆಯ ನಕ್ಷತ್ರ ಬೇಕಂತೆ. 72 ಹಾಕಿದರೆ ಪಂಚಭುಜ ಬರುತ್ತಿದೆ. ದಯವಿಟ್ಟು ಉತ್ತರವನ್ನು ಯಾರೂ ಇಲ್ಲಿ ಬರೆಯಬೇಡಿ. ಸೋಮವಾರ ಅವರ ಜೊತೆಯಲ್ಲೇ ಹುಡುಕುತ್ತೇನೆ.