ಹಳೆ ಯಾಶಿಕಾ ಕ್ಯಾಮೆರಾದ ರೇಂಜ್‌ಫೈಂಡರ್ ಮಸುಕಾಗಿದೆ, ಬಿಚ್ಚಬಹುದಾ?

ಸೋಮವಾರಪೇಟೆಯಿಂದ ಪ್ರಶ್ನೆ:
ಚಿಕ್ಕಪ್ಪನ ಯಾಶಿಕಾ ಎಲೆಕ್ಟ್ರೋ 35 ಫಿಲ್ಮ್ ಕ್ಯಾಮೆರಾ ನನಗೆ ಸಿಕ್ಕಿದೆ. ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಇದರಲ್ಲಿದೆ. ಶಟರ್ ಚೆನ್ನಾಗಿದೆ. ಆದರೆ ಫೋಕಸ್ ಮಾಡುವಾಗ ನಡುವೆ ಕಾಣಬೇಕಾದ ಎರಡನೇ ಬಿಂಬ ಹಗಲಲ್ಲಿ ಕಾಣುವುದೇ ಇಲ್ಲ. ಯಾರಾದರೂ ಸರಿ ಮಾಡಿದ್ದೀರಾ?

ವಿರಾಜಪೇಟೆಯಿಂದ:
ಬಿಚ್ಚುವ ಮೊದಲು ತೊಂದರೆ ಎಲ್ಲಿದೆ ನೋಡಿ. ಮುಂದಿನ ಚಿಕ್ಕ ಕಿಟಕಿಯಿಂದ ಬಂದ ಬೆಳಕು ಪಕ್ಕಕ್ಕೆ ತಿರುಗಿ, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಒಳಗೆ ಓರೆಯಾಗಿ ಕೂತಿರುವ ಅರೆಗನ್ನಡಿಗೆ, ಅಂದರೆ ಸ್ವಲ್ಪ ಬೆಳಕನ್ನು ಬಿಟ್ಟು ಸ್ವಲ್ಪವನ್ನು ಪ್ರತಿಫಲಿಸುವ ಗಾಜಿಗೆ, ಬಡಿದು ನಿಮ್ಮ ಕಣ್ಣಿಗೆ ಬರುತ್ತದೆ. ಬೀಮ್ ಸ್ಪ್ಲಿಟರ್ ಅನ್ನುವುದು ಇದಕ್ಕೇ. ನೋಟ ಪೂರ್ತಿ ಮಬ್ಬಾಗಿದ್ದರೆ ಗಾಜಿನ ಮೇಲೆ ಕೊಳೆ ಇಲ್ಲವೇ ಬೂಷ್ಟು. ನಮ್ಮ ಮಳೆಗಾಲದಲ್ಲಿ ಅದು ಮಾಮೂಲು. ನೋಟ ಸ್ವಚ್ಛವಾಗಿದ್ದು ಎರಡನೇ ಬಿಂಬ ಮಾತ್ರ ಪೇಲವವಾಗಿದ್ದರೆ ಚಿಕ್ಕ ಕಿಟಕಿ ಕಡೆ ಕೊಳೆ ಇರಬಹುದು, ಇಲ್ಲವೇ ಅರೆಗನ್ನಡಿಯ ಲೇಪ ಸವೆದಿರಬಹುದು.

ರಾತ್ರಿ ಲೈಟ್ ಆರಿಸಿ, ದೂರದಲ್ಲಿ ಉರಿಯುತ್ತಿರುವ ಒಂದು ಬಲ್ಬ್ ನೋಡಿ. ಫೋಕಸ್ ರಿಂಗ್ ತಿರುಗಿಸಿದಾಗ ಎರಡನೇ ಬಲ್ಬ್ ಸರಿದಾಡಿದರೆ ಕನ್ನಡಿಯಲ್ಲಿ ಇನ್ನೂ ಜೀವ ಇದೆ. ಆಗ ಸುಮ್ನೆ ವ್ಯೂಫೈಂಡರಿನ ದೊಡ್ಡ ಕಿಟಕಿಗೆ ಹೊರಗಿನಿಂದ ಬಣ್ಣದ ಪಾರದರ್ಶಕ ಕಾಗದದ ಚೂರು ಅಂಟಿಸಿ. ನೇರ ನೋಟ ನೀಲಿಯೋ ಹಸಿರೋ ಆಗುತ್ತದೆ, ಎರಡನೇ ಬಿಂಬ ಎದ್ದು ಕಾಣುತ್ತದೆ. ನೋಡಲು ಚಂದ ಇಲ್ಲ, ಆದರೆ ಕೆಲಸ ಆಗುತ್ತದೆ.

ಬಿಚ್ಚಲೇಬೇಕು ಅಂದರೆ ಮೇಲಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ. ಈ ಮಾಡೆಲ್‌ನಲ್ಲಿ ಮೇಲಿನ ಕೆಂಪು, ಹಳದಿ ದೀಪಗಳ ವೈರ್ ಇರುತ್ತವೆ, ಕಿತ್ತುಬರಬಾರದು. ಹೆಜ್ಜೆಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಕಿಟಕಿಗಳ ಗಾಜನ್ನು ಲೆನ್ಸ್ ಕ್ಲೀನರ್ ಸೋಕಿಸಿದ ಹತ್ತಿಯಲ್ಲಿ ಒರೆಸಬಹುದು. ಅರೆಗನ್ನಡಿಗೆ ಮಾತ್ರ ರಬ್ಬರ್ ಬ್ಲೋವರ್ ಗಾಳಿ ಸಾಕು. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ.

ಮಡಿಕೇರಿಯಿಂದ:
ಅರೆಗನ್ನಡಿ ಮುಟ್ಟಬೇಡಿ ಅಂದಿದ್ದು ನೂರಕ್ಕೆ ನೂರು ನಿಜ. ನನ್ನ ಕ್ಯಾನೊನೆಟ್ ಕ್ಯಾಮೆರಾ ರಿಪೇರಿಗೆ ಕೊಟ್ಟಾಗ ರಿಪೇರಿಯವರು ಅದನ್ನು ಚೆನ್ನಾಗಿ ತಿಕ್ಕಿ ಕೊಟ್ಟರು. ಲೇಪವೂ ಅದರ ಜೊತೆಗೇ ಹೋಯಿತು! ಕೊನೆಗೆ ಬೀಮ್ ಸ್ಪ್ಲಿಟರ್ ಗಾಜು ಆನ್‌ಲೈನಲ್ಲಿ ತರಿಸಿ ಅಳತೆಗೆ ಕತ್ತರಿಸಿ ಹಾಕಿದೆ. ಗಾಜಿನ ದಪ್ಪ ಹಳೆಯದರಷ್ಟೇ ಇರಲಿ. ಲೇಪದ ಮುಖ ಯಾವ ಕಡೆಗಿತ್ತೋ ಅದೇ ಕಡೆಗೆ ಕೂರಲಿ.

ಕನ್ನಡಿ ಬದಲಿಸಿದ ಮೇಲೆ ಹೊಂದಿಸುವ ಕೆಲಸವೇ ಜಾಸ್ತಿ. ರಿಂಗನ್ನು ಇನ್ಫಿನಿಟಿಗೆ (ಅತಿ ದೂರದ ಗುರುತಿಗೆ) ಇಟ್ಟಾಗ ದೂರದ ಬೆಟ್ಟದ ಎರಡೂ ಬಿಂಬ ಒಂದಾಗಬೇಕು. ಜುಲೈನಲ್ಲಿ ಇಲ್ಲಿ ಎದುರುಮನೆಯೇ ಕಾಣುವುದಿಲ್ಲ, ಇನ್ನು ಬೆಟ್ಟ ಎಲ್ಲಿಂದ ಬಂತು? ಡಿಸೆಂಬರಿನಲ್ಲಿ ರಾಜಾಸೀಟಿಗೆ ಹೋಗಿ ಮಾಡಿದೆ. ಹತ್ತಿರದ ಫೋಕಸ್ ನೋಡಲು ತೋಟದ ಸಿಲ್ವರ್ ಓಕ್ ಮರ ಒಳ್ಳೆಯದು. ನೆಟ್ಟಗಿರುವ ಕಾಂಡದಲ್ಲಿ ಸ್ವಲ್ಪ ತಪ್ಪಿದರೂ ಗೊತ್ತಾಗುತ್ತದೆ.

ಗೋಣಿಕೊಪ್ಪದಿಂದ:
ಚರ್ಮದ ಕೇಸಿನಲ್ಲಿ ಇಟ್ಟಿದ್ದರೆ ಮೊದಲು ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಸಾಕು. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಿ. ಅಕ್ಕಿಯಲ್ಲಿ ಹೂತಿಡುವವರೂ ಇದ್ದಾರೆ. ಅಕ್ಕಿಯ ಧೂಳು ಒಳಗೆ ಸೇರುತ್ತದೆ ಅಷ್ಟೇ.

ಸೋಮವಾರಪೇಟೆಯಿಂದ ಮತ್ತೆ:
ಎರಡನೇ ಬಲ್ಬ್ ಕಾಣಿಸಿತು, ಸರಿದಾಡಿತು ಕೂಡ! ಸದ್ಯಕ್ಕೆ ನೀಲಿ ಕಾಗದ ಅಂಟಿಸಿದ್ದೇನೆ. ಮುಚ್ಚಳ ಬಿಚ್ಚುವುದು ಮಳೆ ನಿಂತ ಮೇಲೆ. ಕೇಸಿನ ಒಳಗೆ ನಿಜವಾಗಿಯೂ ಬಿಳಿ ಬೂಷ್ಟು ಇತ್ತು.