ಸಹಾಯ ಬೇಕು: ಬಸುರಿಯರ ಹತ್ತಿರ ಏನು ಮಾತಾಡಬಹುದು?

ಎಲ್ಲರಿಗೂ ನಮಸ್ಕಾರ. ಬಸುರಿಯರನ್ನು ನೋಡಲು ಹೋಗುವವರಿಗಾಗಿ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಏನು ಹೇಳಬಾರದು ಎಂಬ ಭಾಗ ಮುಗಿದಿದೆ. ಬದಲಿಗೆ ಏನು ಹೇಳಬಹುದು ಎಂಬಲ್ಲಿ ನಿಮ್ಮ ನೆರವು ಬೇಕು.

ಹೆಚ್ಚು ಕೇಳಿಬರುವುದು ಹೊಟ್ಟೆಯ ಮಾತು. ‘ಇಷ್ಟು ದೊಡ್ಡದಾ, ಅವಳಿನಾ?’, ‘ಏಳು ತಿಂಗಳಾ? ಹೊಟ್ಟೆನೇ ಕಾಣ್ತಿಲ್ವಲ್ಲ!’ ಕಣ್ಣಿಗೆ ಕಾಣುವ ಗಾತ್ರ ತಾಯಿಯ ಎತ್ತರ, ಹೊಟ್ಟೆಯ ಸ್ನಾಯುಗಳ ಬಿಗಿ, ಮಗುವಿನ ಭಂಗಿ, ಎಷ್ಟನೇ ಬಸಿರು ಎಂಬುದರ ಮೇಲೆ ಬದಲಾಗುತ್ತದೆ. ಅದಕ್ಕೇ ತಪಾಸಣೆಯಲ್ಲಿ ಟೇಪ್ ಹಿಡಿಯುವುದು: ಸುಮಾರು 24ನೇ ವಾರದಿಂದ ಗರ್ಭಕೋಶದ ಎತ್ತರ ಸೆಂಟಿಮೀಟರ್‌ನಲ್ಲಿ ವಾರಗಳ ಸಂಖ್ಯೆಗೆ ಹತ್ತಿರವಿರುತ್ತದೆ, 2 ಸೆಂ.ಮೀ. ಆಚೀಚೆ ಸಾಮಾನ್ಯ. ನೋಡಿದವರ ಅಂದಾಜಿಗೆ ಇಲ್ಲಿ ಬೆಲೆಯಿಲ್ಲ.

‘ಇಬ್ಬರ ಊಟ ಮಾಡು’ ಪ್ರೀತಿಯ ಮಾತೇ. ಆದರೆ ಮೊದಲ 3 ತಿಂಗಳು ಹೆಚ್ಚುವರಿ ಕ್ಯಾಲೊರಿ ಬಹುತೇಕ ಬೇಕಿಲ್ಲ, ವಾಕರಿಕೆ ಇರುವವರಿಗೆ ಅದು ಬರೀ ಒತ್ತಡ.

ನಮಗೆ ನಿಜಕ್ಕೂ ಆತಂಕ ತರುವುದು ಸಮಾಧಾನದ ಒಂದು ಮಾತು: ‘ಕೊನೇಲಿ ಜಾಗ ಸಾಲದೆ ಮಗು ಕಡಿಮೆ ಆಡುತ್ತೆ, ಬಿಡಮ್ಮ.’ ಇದು ತಪ್ಪು. ಆಡುವ ಬಗೆ ಬದಲಾಗಬಹುದು, ಆಟ ಕಡಿಮೆಯಾಗಬಾರದು. ಕಡಿಮೆ ಅನಿಸಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೆದರಿಸದೆ ಒಂದೇ ಸಾಲಿನಲ್ಲಿ ಹೇಳುವುದು ಹೇಗೆ?

‘ಹೇಗಿದ್ದೀಯಮ್ಮ? ಇವತ್ತು ಏನಾದ್ರೂ ಮಾಡಿಕೊಡ್ಲಾ?’ ಇಂಥ ಚಿಕ್ಕ ಮಾತುಗಳು ಬೇಕು. ಅತ್ತೆ, ಸಹೋದ್ಯೋಗಿ, ಅಪರಿಚಿತರು, ಯಾರ ಬಾಯಿಗೆ ಹೊಂದುತ್ತದೆ ಎಂದೂ ಜೊತೆಗೆ ಬರೆಯಿರಿ.