ಎಸ್‌ಟಿಪಿಯ ಸ್ಲಡ್ಜ್: ಹೂಳೋ, ಬಗ್ಗಡವೋ, ಹಿಂಡಿಯೋ?

ಕೊಳಚೆ ನೀರು ಸಂಸ್ಕರಣಾ ಘಟಕದ (ಎಸ್‌ಟಿಪಿ) ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ಸ್ಲಡ್ಜ್‌ಗೆ, ಅಂದರೆ ಕೊಳಚೆ ನೀರಿನಿಂದ ಬೇರ್ಪಟ್ಟು ತಳಕ್ಕಿಳಿಯುವ ಗಸಿಗೆ, ‘ಹೂಳು’ ಎಂದು ಬರೆಯುವುದುಂಟು. ನನಗದು ಒಪ್ಪಿಗೆಯಿಲ್ಲ. ಹೂಳು ಕೆರೆಯ ತಳದ ಮಣ್ಣು, ಮರಳು. ಘಟಕದಲ್ಲಿ ಅದು ನಿಲ್ಲುವುದು ಮೊದಲಿನ ಗ್ರಿಟ್ ಚೇಂಬರ್‌ನಲ್ಲಿ. ‘ಹೂಳು ತೆಗೆಯಿರಿ’ ಎಂದು ಓದಿದ ಆಪರೇಟರ್ ನೇರ ಅಲ್ಲಿಗೇ ಹೋಗುತ್ತಾನೆ.

ನೀರಿನಂಶ ನೋಡಿ ಹೆಸರಿಟ್ಟರೆ ಹೇಗೆ? ಸೆಕೆಂಡರಿ ಕ್ಲಾರಿಫೈಯರ್ (ಗಾಳಿಯೂದಿದ ನೀರು ತಿಳಿಯಾಗಲು ಬಿಡುವ ತೊಟ್ಟಿ) ತಳದಿಂದ ಬರುವುದರಲ್ಲಿ ಘನವಸ್ತು ಶೇ. 1ರ ಆಸುಪಾಸು: ಅದು ‘ಬಗ್ಗಡ’. ಥಿಕನರ್ ದಾಟಿ ಶೇ. 4–5 ಆದದ್ದು ‘ಮಂದ ಬಗ್ಗಡ’. ಮಂದ ಮಜ್ಜಿಗೆಯ ಮಂದವೇ ಸಾಕು, ‘ಸಾಂದ್ರೀಕೃತ’ ಯಾರಿಗೆ ಬೇಕು? ಗಿರ್ರನೆ ತಿರುಗಿಸಿ ನೀರು ಹಿಂಡುವ ಸೆಂಟ್ರಿಫ್ಯೂಜ್‌ನಿಂದ ಶೇ. 20ರಷ್ಟಾಗಿ ಉದುರುವ ಕೇಕ್‌ಗೆ ‘ಹಿಂಡಿ’. ಗಾಣದ ಹಿಂಡಿಯಂತೆ ಇದೂ ಹಿಂಡಿ ಉಳಿದದ್ದೇ. ದನದ ಹಿಂಡಿಯೆಂಬ ಗೊಂದಲವಾದರೆ ‘ಕೊಳಚೆ ಹಿಂಡಿ’ ಎನ್ನಬಹುದು. ಶೇ. 1ರ ಬಗ್ಗಡ 100 ಘನ ಮೀಟರ್ ಇದ್ದರೆ ಒಣ ತೂಕ ಸುಮಾರು 1 ಟನ್, ಶೇ. 5ಕ್ಕೆ ಮಂದವಾದರೆ 20 ಘನ ಮೀಟರ್, ಹಿಂಡಿಯಾದರೆ 5 ಟನ್, ಒಂದು ಟಿಪ್ಪರ್ ಲೋಡು.

ಹಿಂಡುವ ಮೊದಲು ಬಗ್ಗಡದ ಕಣಗಳನ್ನು ಒಟ್ಟುಗೂಡಿಸಲು ಹಾಕುವ ಪಾಲಿಮರ್ ಬೆರೆತಾಗ ಕಟ್ಟುವ ಫ್ಲಾಕ್‌ಗೆ ‘ಗರಣೆ’ ಒಪ್ಪುತ್ತದೆ. ಪಾಲಿಮರ್ ಸಾಲದಿದ್ದರೆ ಗರಣೆ ಕಟ್ಟದೆ ಹಿಂಡಿದ ನೀರು ಕಪ್ಪಾಗಿ ಬರುತ್ತದೆ, ಅತಿಯಾದರೆ ಲೋಳೆ. ಪುಡಿಯನ್ನು ಒಮ್ಮೆಗೇ ಸುರಿದರೆ ಮುದ್ದೆಯ ಹಿಟ್ಟು ಗಂಟಾದಂತೆ ಗಂಟಾಗುತ್ತದೆ, ಒಳಗಿನ ಪುಡಿ ಕರಗುವುದೇ ಇಲ್ಲ. ಇಲ್ಲಿ ‘ಗಂಟು’ ಬಿಟ್ಟು ಬೇರೆ ಪದ ಬೇಡ.

ತೊಡಕಿರುವುದು ಬಲ್ಕಿಂಗ್ (ಬಗ್ಗಡ ತಳ ಊರದಿರುವುದು), ರೈಸಿಂಗ್ (ತಳ ಊರಿ ಮತ್ತೆ ಮೇಲೇಳುವುದು) ಎರಡರಲ್ಲಿ. ಎರಡಕ್ಕೂ ‘ಉಬ್ಬುವಿಕೆ’ ಎಂದರೆ ಮದ್ದು ತಪ್ಪುತ್ತದೆ. ಗಾಳಿಯೂದುವ ಏರೇಷನ್ ಟ್ಯಾಂಕಿನ ನೀರನ್ನು 1 ಲೀಟರ್ ಅಳತೆ ಜಾಡಿಯಲ್ಲಿ 30 ನಿಮಿಷ ಅಲುಗಿಸದೆ ಇಡಿ. ಬಗ್ಗಡ 700–800 ಮಿಲಿ ಗೆರೆಗಿಂತ ಕೆಳಗಿಳಿಯದೆ, ಮೇಲಿನ ನೀರು ತಿಳಿಯಾಗಿದ್ದರೆ ಬಲ್ಕಿಂಗ್ ಇರಬಹುದು. ನೂಲಿನಂಥ ಬ್ಯಾಕ್ಟೀರಿಯಾಗಳು ಚಾಚಿಕೊಂಡು ಗರಣೆಗಳು ಒತ್ತಾಗಲು ಬಿಡುವುದಿಲ್ಲ. ಆಗ ನೋಡಬೇಕಾದದ್ದು ಕರಗಿದ ಆಮ್ಲಜನಕ, ಪೋಷಕಾಂಶ. ಚೆನ್ನಾಗಿ ಇಳಿದು, ಗಂಟೆ ಎರಡು ಗಂಟೆಯಲ್ಲಿ ಹೆಂಟೆಹೆಂಟೆಯಾಗಿ ಮೇಲೆದ್ದರೆ ಅದು ರೈಸಿಂಗ್: ನೈಟ್ರೇಟ್ ಒಡೆದು ಹುಟ್ಟಿದ ಸಾರಜನಕದ ಗುಳ್ಳೆ ಎತ್ತಿದ್ದು. ಕಡ್ಡಿಯಾಡಿಸಿದರೆ ಗುಳ್ಳೆ ಬಿಟ್ಟು ಮತ್ತೆ ಇಳಿಯುತ್ತದೆ. ಇದಕ್ಕೆ ಬಗ್ಗಡವನ್ನು ಕ್ಲಾರಿಫೈಯರ್ ತಳದಲ್ಲಿ ನಿಲ್ಲಗೊಡದೆ ಬೇಗ ಏರೇಷನ್ ಟ್ಯಾಂಕಿಗೆ ವಾಪಸ್ ಪಂಪ್ ಮಾಡಬೇಕು.

ಎರಡನೆಯದಕ್ಕೆ ‘ತೇಲೆದ್ದ ಬಗ್ಗಡ’ ಸರಿಹೋದೀತು. ಮೊದಲನೆಯದಕ್ಕೆ ಹಿಂಜಿದ ಅರಳೆಯ ನೆನಪಿನಲ್ಲಿ ‘ಹಿಂಜಿದ ಬಗ್ಗಡ’ ಹೊಳೆಯಿತು. ಆದರೆ ‘ಹಿಂಜು’ ಎಂದರೆ ಯಾರೋ ಕೈಯಿಂದ ಬಿಡಿಸಿದಂತೆ ಕೇಳುತ್ತದೆ, ಇದು ತಾನಾಗಿ ಆಗುವಂಥದ್ದು. ‘ಅರಳಿದ ಬಗ್ಗಡ’ ಮೇಲೋ? ನಿಮ್ಮ ಕಡೆ ತಳ ಊರದ ಗಸಿಗೆ ಬೇರೆ ಮಾತಿದೆಯೇ?